ಪಾಲ್, ಪಿಸಿಎಂ, ವಿಒಬಿ: ಹಳೇ ಡಿವಿಡಿ ಪ್ಲೇಯರ್‌ನ ಮೆನು ಓದುವ ಬಗೆ

ಪ್ರಶ್ನೆ: ನಮ್ಮ ಮನೆಯಲ್ಲಿ 2008ರಲ್ಲಿ ಕೊಂಡ ಡಿವಿಡಿ ಪ್ಲೇಯರ್ ಇದೆ. ಅಪ್ಪ ಕೂಡಿಟ್ಟ ಯಕ್ಷಗಾನದ ವಿಸಿಡಿಗಳು, ಅಕ್ಕನ ಮದುವೆಯ ಎರಡು ಡಿವಿಡಿ, ಒಂದಷ್ಟು ಹಾಡಿನ ಸಿಡಿಗಳೂ ಇವೆ. ಹೊಸ ಟಿವಿಗೆ ಪ್ಲೇಯರ್ ಜೋಡಿಸಿದರೆ ಚಿತ್ರ ಕಪ್ಪುಬಿಳುಪಾಗಿ ಬರುತ್ತದೆ, ಮುಖಗಳು ಅಗಲವಾಗಿ ಕಾಣುತ್ತವೆ. ಸಿನಿಮಾ ಡಿವಿಡಿಯಲ್ಲಿ ಹಾಡು ಜೋರಾಗಿ ಕೇಳುತ್ತದೆ, ಮಾತು ಮಾತ್ರ ಕೇಳುವುದಿಲ್ಲ. ಪೆನ್‌ಡ್ರೈವ್‌ನ ಕೆಲವು ಫೈಲುಗಳು ಓಡುತ್ತವೆ, ಕೆಲವು ಓಡುವುದಿಲ್ಲ. ಸೆಟಪ್ ಮೆನುವಿಗೆ ಹೋದರೆ ಪಾಲ್, ಎನ್‌ಟಿಎಸ್‌ಸಿ, ಪಿ-ಸ್ಕ್ಯಾನ್, ಲೆಟರ್‌ಬಾಕ್ಸ್, ಎಸ್‌ಪಿಡಿಐಎಫ್ ರಾ, ಎಲ್‌ಟಿ/ಆರ್‌ಟಿ ಎಂದೆಲ್ಲ ಇದೆ. ಇವುಗಳ ಅರ್ಥವೇನು? ಮದುವೆ ಡಿವಿಡಿಯನ್ನು ಹಾಳಾಗದ ಹಾಗೆ ಉಳಿಸಿಕೊಳ್ಳುವುದು ಹೇಗೆ?

ಉತ್ತರ: ನೀವು ಬರೆದದ್ದರಲ್ಲಿ ಪ್ಲೇಯರ್ ಕೆಟ್ಟಿರುವ ಲಕ್ಷಣ ಒಂದೂ ಕಾಣಲಿಲ್ಲ. ಕಪ್ಪುಬಿಳುಪು ಚಿತ್ರ ತಂತಿಯ ತೊಂದರೆ. ಅಗಲವಾದ ಮುಖ ಮೆನುವಿನ ತೊಂದರೆ. ಮಾತು ಕೇಳದಿರುವುದು ಧ್ವನಿಯನ್ನು ಹೊರಗೆ ಕಳಿಸುವ ಕ್ರಮದ ತೊಂದರೆ. ಪೆನ್‌ಡ್ರೈವ್‌ನದು ಫೈಲಿನ ತೊಂದರೆ. ಈ ಹೆಸರುಗಳು ಜನರ ತಲೆ ಕೆಡಿಸುವುದಕ್ಕೆ ಒಂದು ಕಾರಣವಿದೆ. ಪ್ಲೇಯರ್ ಬರುವ ರಟ್ಟಿನ ಪೆಟ್ಟಿಗೆಯ ಮೇಲೆ ಡಿವಿಡಿ, ವಿಸಿಡಿ, ಎಂಪಿ3, ಡಿವ್‌ಎಕ್ಸ್, ಡಾಲ್ಬಿ, ಎಚ್‌ಡಿಎಂಐ ಎಂದು ಎಲ್ಲವನ್ನೂ ಒಂದೇ ಸಾಲಿನಲ್ಲಿ ಅಚ್ಚು ಹಾಕಿರುತ್ತಾರೆ. ಇವು ಒಂದೇ ಜಾತಿಯವಲ್ಲ. ಡಿವಿಡಿ ಎಂದರೆ ಡಿಸ್ಕ್. ಡಿವ್‌ಎಕ್ಸ್ ಎಂದರೆ ಚಿತ್ರವನ್ನು ಕುಗ್ಗಿಸಿಡುವ ಒಂದು ವಿಧಾನ, ಡಾಲ್ಬಿ ಡಿಜಿಟಲ್ ಧ್ವನಿಯನ್ನು ಕುಗ್ಗಿಸಿಡುವ ಇನ್ನೊಂದು ವಿಧಾನ. ಎಚ್‌ಡಿಎಂಐ ತಂತಿ. ಯಾವ ಹೆಸರು ಯಾವ ಗುಂಪಿನದು ಎಂದು ತಿಳಿದರೆ ಅರ್ಧ ಕೆಲಸ ಮುಗಿಯಿತು. ತಿಳಿಯದಿದ್ದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಮಾತು ಕೇಳುತ್ತಿಲ್ಲ ಎಂದು ಡಿಸ್ಕನ್ನು ಉಜ್ಜುತ್ತ ಕೂರುತ್ತೇವೆ.

ತಂತಿಯಿಂದ ಶುರುಮಾಡೋಣ, ಅದು ಐದು ನಿಮಿಷದ ಕೆಲಸ. ಪ್ಲೇಯರ್‌ನ ಹಿಂದೆ ಹಳದಿ, ಬಿಳಿ, ಕೆಂಪು ತೂತುಗಳಿರುತ್ತವೆ. ಬಿಳಿ ಮತ್ತು ಕೆಂಪು ಧ್ವನಿಗೆ, ಹಳದಿ ಚಿತ್ರಕ್ಕೆ. ಈ ಹಳದಿ ತಂತಿಗೆ ಕಾಂಪೊಸಿಟ್ ಎಂದು ಹೆಸರು. ಬೆಳಕಿನ ಮಾಹಿತಿ, ಬಣ್ಣದ ಮಾಹಿತಿ ಎರಡನ್ನೂ ಬೆರೆಸಿ ಒಂದೇ ತಂತಿಯಲ್ಲಿ ಕಳಿಸುತ್ತದೆ. ಪಕ್ಕದಲ್ಲಿ ಹಸಿರು, ನೀಲಿ, ಕೆಂಪು ಎಂಬ ಮೂರು ತೂತುಗಳಿದ್ದರೆ ಅದು ಕಾಂಪೊನೆಂಟ್. ಅಲ್ಲಿ ಹಸಿರಿನಲ್ಲಿ ಬೆಳಕು ಮಾತ್ರ ಹೋಗುತ್ತದೆ, ಬಣ್ಣ ಉಳಿದೆರಡರಲ್ಲಿ ಹೋಗುತ್ತದೆ. ಈಗ ನಿಮ್ಮ ಟಿವಿಯ ಹಿಂಭಾಗ ನೋಡಿ. ಈಚಿನ ಅನೇಕ ಟಿವಿಗಳಲ್ಲಿ ಹಳದಿಗೆಂದೇ ಪ್ರತ್ಯೇಕ ತೂತು ಇರುವುದಿಲ್ಲ. ಹಸಿರು ತೂತನ್ನೇ ಎರಡಕ್ಕೂ ಬಳಸುತ್ತಾರೆ, ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಎವಿ’ ಎಂದೋ ‘ವಿಡಿಯೋ’ ಎಂದೋ ಬರೆದಿರುತ್ತದೆ. ಹಳದಿ ತಂತಿಯನ್ನು ಅಲ್ಲಿಗೆ ಸಿಕ್ಕಿಸಿ, ರಿಮೋಟಿನಲ್ಲಿ ‘ಕಾಂಪೊನೆಂಟ್’ ಆರಿಸಿಕೊಂಡರೆ ಟಿವಿ ಆ ತೂತಿನಿಂದ ಬೆಳಕನ್ನಷ್ಟೇ ತೆಗೆದುಕೊಳ್ಳುತ್ತದೆ. ಬಣ್ಣಕ್ಕಾಗಿ ನೀಲಿ, ಕೆಂಪು ತೂತು ನೋಡುತ್ತದೆ. ಅಲ್ಲಿ ಏನೂ ಇಲ್ಲ. ಹಾಗಾಗಿ ಕಪ್ಪುಬಿಳುಪು. ಸೋರ್ಸ್ ಪಟ್ಟಿಯಲ್ಲಿ ‘ಎವಿ’ ಆರಿಸಿ, ಬಣ್ಣ ಬರುತ್ತದೆ. ಟಿವಿಯಲ್ಲಿ ಇಯರ್‌ಫೋನ್ ಪಿನ್ನಿನ ಅಳತೆಯ ಒಂದೇ ಎವಿ ತೂತು ಇದ್ದರೆ ಟಿವಿಯ ಜತೆ ಬಂದ ತುಂಡು ಕೇಬಲ್ಲನ್ನೇ ಬಳಸಿ. ಅಂಗಡಿಯಲ್ಲಿ ಸಿಗುವ ಎಲ್ಲ ಕೇಬಲ್‌ಗಳಲ್ಲೂ ಪಿನ್ನಿನ ಉಂಗುರಗಳ ಕ್ರಮ ಒಂದೇ ಇರುವುದಿಲ್ಲ, ಚಿತ್ರದ ಬದಲು ಗೊರ್ ಎಂಬ ಸದ್ದು ಬಂದೀತು.

ಹಾಗೆ ಮಾಡಿದರೂ ಬಣ್ಣ ಬರದಿದ್ದರೆ ಪಾಲ್, ಎನ್‌ಟಿಎಸ್‌ಸಿ ಕಡೆ ತಿರುಗಿ. ಪಾಲ್ ಎಂಬುದು ದೂರದರ್ಶನ ಬಳಸಿಕೊಂಡು ಬಂದ ಬಣ್ಣದ ಟಿವಿ ಪದ್ಧತಿ: 625 ಗೆರೆ, ಸೆಕೆಂಡಿಗೆ 25 ಚಿತ್ರ. ಎನ್‌ಟಿಎಸ್‌ಸಿ ಅಮೆರಿಕ, ಜಪಾನಿನದು: 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ನಮ್ಮ ಮದುವೆ ಡಿವಿಡಿ, ಯಕ್ಷಗಾನದ ವಿಸಿಡಿಗಳು ಸಾಮಾನ್ಯವಾಗಿ ಪಾಲ್. ಆದರೆ ಹೊರದೇಶದ ಮಾರುಕಟ್ಟೆಯನ್ನೂ ಮನಸ್ಸಿನಲ್ಲಿಟ್ಟು ಬಂದ ಹಲವು ಭಾರತೀಯ ಸಿನಿಮಾ ಡಿವಿಡಿಗಳು ಎನ್‌ಟಿಎಸ್‌ಸಿಯಲ್ಲಿವೆ. ಮೆನುವಿನಲ್ಲಿ ‘ಟಿವಿ ಟೈಪ್’ ಎಂಬಲ್ಲಿ ‘ಮಲ್ಟಿ’ ಅಥವಾ ‘ಆಟೋ’ ಇದ್ದರೆ ಅದನ್ನೇ ಇಡಿ. ಡಿಸ್ಕಿನಲ್ಲಿ ಯಾವುದಿದೆಯೋ ಅದೇ ಹೊರಗೆ ಬರುತ್ತದೆ, ಇವತ್ತಿನ ಟಿವಿಗಳು ಎರಡನ್ನೂ ಅರ್ಥ ಮಾಡಿಕೊಳ್ಳುತ್ತವೆ. ಬಲವಂತವಾಗಿ ಒಂದನ್ನು ಇನ್ನೊಂದಕ್ಕೆ ಬದಲಿಸಲು ಹೋದರೆ ಚಿತ್ರ ತಡವರಿಸುತ್ತದೆ.

ಪಿ-ಸ್ಕ್ಯಾನ್ ಎಂದರೆ ಪ್ರೊಗ್ರೆಸಿವ್ ಸ್ಕ್ಯಾನ್. ಹಳೇ ಟಿವಿಗಳಿಗೆ ಇಡೀ ಚಿತ್ರವನ್ನು ಒಮ್ಮೆಗೇ ಕಳಿಸುತ್ತಿರಲಿಲ್ಲ. ಮೊದಲು 1, 3, 5ನೇ ಗೆರೆಗಳು, ಆಮೇಲೆ 2, 4, 6ನೇ ಗೆರೆಗಳು. ಹೀಗೆ ಸೆಕೆಂಡಿಗೆ 50 ಅರೆಚಿತ್ರಗಳು. ಇದು ಇಂಟರ್‌ಲೇಸ್. ಎರಡನ್ನೂ ಕೂಡಿಸಿ ಪೂರ್ತಿ ಚಿತ್ರವನ್ನೇ ಕಳಿಸಿದರೆ ಪ್ರೊಗ್ರೆಸಿವ್. ಮದುವೆ ವಿಡಿಯೋ ಇಂಟರ್‌ಲೇಸ್ ಕ್ಯಾಮೆರಾದಲ್ಲಿ ತೆಗೆದದ್ದು, ಅದಕ್ಕೇ ಕಂಪ್ಯೂಟರ್‌ನಲ್ಲಿ ನೋಡುವಾಗ ಧಾರೆ ಎರೆಯುವ ಕೈ ಚಲಿಸಿದಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಏಳುತ್ತವೆ. ಅದು ಡಿಸ್ಕಿನ ದೋಷವಲ್ಲ. ಒಂದು ಎಚ್ಚರಿಕೆ: ಹಳದಿ ತಂತಿಯಲ್ಲಿ ಪ್ರೊಗ್ರೆಸಿವ್ ಚಿತ್ರ ಹೋಗುವುದೇ ಇಲ್ಲ. ಮೆನುವಿನಲ್ಲಿ ಪಿ-ಸ್ಕ್ಯಾನ್ ಒತ್ತಿದ ಮರುಕ್ಷಣ ಪರದೆ ಕಪ್ಪಾಗುತ್ತದೆ, ಮೆನುವೂ ಕಾಣದೆ ಹಿಂದಕ್ಕೆ ಬರಲು ದಾರಿಯಿಲ್ಲದಂತಾಗುತ್ತದೆ. ಹಾಗಾದರೆ ಗಾಬರಿ ಬೇಡ. ಡಿಸ್ಕ್ ಹೊರಗೆ ತೆಗೆದು, ರಿಮೋಟಿನಲ್ಲಿ ‘ವಿ-ಮೋಡ್’ ಅಥವಾ ‘ಪಿ-ಸ್ಕ್ಯಾನ್’ ಎಂಬ ಗುಂಡಿ ಹುಡುಕಿ ಒಂದೊಂದೇ ಸಲ ಒತ್ತುತ್ತ ಹೋಗಿ, ಚಿತ್ರ ಮರಳುತ್ತದೆ. ‘ಪ್ಲೇಯರ್ ಸತ್ತಿದೆ’ ಎಂದು ರಿಪೇರಿಗೆ ಬರುವ ಎಷ್ಟೋ ಪೆಟ್ಟಿಗೆಗಳ ಕಾಯಿಲೆ ಇದೇ.

ಇನ್ನು ಅಗಲ ಮುಖ. ಹಳೇ ಟಿವಿಯ ಆಕಾರ 4:3, ಹೊಸದರದು 16:9. ಮದುವೆ ವಿಡಿಯೋ, ವಿಸಿಡಿ ಬಹುಪಾಲು 4:3. ಟಿವಿ ಅದನ್ನು ಹಿಗ್ಗಿಸಿ ಪರದೆ ತುಂಬಿಸುವುದರಿಂದ ವಧುವರರಿಬ್ಬರೂ ದಪ್ಪಗಾಗುತ್ತಾರೆ. ಪ್ಲೇಯರ್‌ನ ಮೆನುವಿನಲ್ಲಿ ‘ಟಿವಿ ಡಿಸ್‌ಪ್ಲೇ’ ಎಂಬಲ್ಲಿ 4:3 ಪಿಎಸ್, 4:3 ಎಲ್‌ಬಿ, 16:9 ಎಂಬ ಮೂರು ಆಯ್ಕೆಗಳಿರುತ್ತವೆ. ಪಿಎಸ್ ಎಂದರೆ ಪ್ಯಾನ್ ಸ್ಕ್ಯಾನ್, ಅಗಲ ಚಿತ್ರದ ಎರಡು ಬದಿ ಕತ್ತರಿಸಿ ತೋರಿಸುವುದು. ಎಲ್‌ಬಿ ಎಂದರೆ ಲೆಟರ್‌ಬಾಕ್ಸ್, ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕಿ ಪೂರ್ತಿ ತೋರಿಸುವುದು. ಇವೆರಡೂ ಹಳೇ ಡೂಮ್ ಟಿವಿಗಾಗಿ ಇದ್ದವು. ನೀವು ಪ್ಲೇಯರ್‌ನಲ್ಲಿ 16:9 ಇಟ್ಟು ಮರೆತುಬಿಡಿ. ಆಮೇಲೆ ಟಿವಿಯ ರಿಮೋಟಿನಲ್ಲಿ ಪಿಕ್ಚರ್ ಸೈಜ್‌ಗೆ ಹೋಗಿ, ವಿಸಿಡಿ ಹಾಗೂ ಮದುವೆ ಡಿಸ್ಕಿಗೆ 4:3, ಅಗಲ ಪರದೆಯ ಸಿನಿಮಾಗೆ 16:9 ಆರಿಸಿ. ಎಡಬಲದಲ್ಲಿ ಕಪ್ಪು ಪಟ್ಟಿ ಬಂದರೆ ಬರಲಿ. ‘ದುಡ್ಡು ಕೊಟ್ಟು ದೊಡ್ಡ ಟಿವಿ ತಂದು ಅರ್ಧ ಖಾಲಿ ಬಿಡೋದಾ’ ಎಂದು ಮನೆಯ ಹಿರಿಯರು ಕೇಳುತ್ತಾರೆ, ಕೇಳಲಿ.

ಹಾಗೆಯೇ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಸಣ್ಣ ಪೆಟ್ಟಿಗೆ ಆನ್‌ಲೈನಿನಲ್ಲಿ ಸಿಗುತ್ತದೆ, ಮೇಲೆ 1080ಪಿ ಎಂದು ಬರೆದಿರುತ್ತದೆ. ಟಿವಿಯಲ್ಲಿ ಎವಿ ತೂತೇ ಇಲ್ಲದಿದ್ದರೆ ಮಾತ್ರ ಅದು ಬೇಕು. ಚಿತ್ರ ಚೆನ್ನಾಗುತ್ತದೆ ಎಂದು ಕೊಳ್ಳಬೇಡಿ. ಲೆಕ್ಕ ಸರಳ: ಪಾಲ್ ವಿಸಿಡಿಯ ಚಿತ್ರ 352 ಅಡ್ಡ, 288 ಉದ್ದ, ಒಟ್ಟು ಒಂದು ಲಕ್ಷದಷ್ಟು ಚುಕ್ಕಿ. ಡಿವಿಡಿಯದು 720 ಮತ್ತು 576, ನಾಲ್ಕು ಲಕ್ಷ ದಾಟುತ್ತದೆ. ಫುಲ್ ಎಚ್‌ಡಿ 1920 ಮತ್ತು 1080, ಇಪ್ಪತ್ತು ಲಕ್ಷಕ್ಕೂ ಹೆಚ್ಚು. ನಾಲ್ಕು ಲಕ್ಷ ಚುಕ್ಕಿಯನ್ನು ಇಪ್ಪತ್ತು ಲಕ್ಷಕ್ಕೆ ಹರಡುವುದೇ ಅಪ್‌ಸ್ಕೇಲಿಂಗ್. ನಡುವಿನ ಚುಕ್ಕಿಗಳನ್ನು ಯಂತ್ರ ಅಂದಾಜಿನಲ್ಲಿ ತುಂಬುತ್ತದೆ, ಮೂಲದಲ್ಲಿಲ್ಲದ ರೆಪ್ಪೆಗೂದಲು ಅದರಿಂದ ಬರುವುದಿಲ್ಲ. ನಿಮ್ಮ ಟಿವಿ ಈ ಕೆಲಸವನ್ನು ಹೇಗೂ ಮಾಡುತ್ತಿದೆ.

ಮಾತು ಕೇಳದಿರುವ ಸಂಗತಿಗೆ ಬರೋಣ. ಸಿನಿಮಾ ಡಿವಿಡಿಯಲ್ಲಿ ಧ್ವನಿ ಬಹಳ ಸಲ 5.1 ಇರುತ್ತದೆ. ಎದುರು ಎಡ, ಎದುರು ಬಲ, ನಡು, ಹಿಂದೆ ಎಡ, ಹಿಂದೆ ಬಲ ಎಂದು ಐದು, ಗುಡುಗಿನಂಥ ತಗ್ಗಿನ ಸದ್ದಿಗೆ ಇನ್ನೊಂದು. ಆ ಕೊನೆಯದಕ್ಕೆ ಪೂರ್ಣ ಪ್ರಮಾಣದ ಧ್ವನಿ ಇಲ್ಲದ್ದರಿಂದ ‘.1’. ಪಾತ್ರಗಳ ಮಾತು ಮುಖ್ಯವಾಗಿ ನಡುವಿನ ಚಾನೆಲ್‌ನಲ್ಲಿರುತ್ತದೆ. ಸಂಗೀತ ಎಡಬಲಕ್ಕೆ ಹರಡಿರುತ್ತದೆ. ನಿಮ್ಮ ಕಾಲದ ಪ್ಲೇಯರ್‌ಗಳಲ್ಲಿ ಹಿಂದೆ ಆರು ಧ್ವನಿ ತೂತುಗಳು ಸಾಮಾನ್ಯವಾಗಿದ್ದವು. ಪ್ಲೇಯರ್ ‘ಮನೆಯಲ್ಲಿ ಆರು ಸ್ಪೀಕರ್ ಇವೆ’ ಎಂದುಕೊಂಡು ಧ್ವನಿಯನ್ನು ಆರಕ್ಕೂ ಹಂಚುತ್ತದೆ. ನೀವು ಎದುರಿನ ಎಡ, ಬಲ ಎರಡನ್ನು ಮಾತ್ರ ಟಿವಿಗೆ ಕೊಟ್ಟಿದ್ದೀರಿ. ಮಾತು ಹೊತ್ತ ನಡುವಿನ ತೂತಿಗೆ ತಂತಿಯೇ ಇಲ್ಲ. ಹಾಡು ಕೇಳುತ್ತದೆ, ನಾಯಕ ಬಾಯಿ ಆಡಿಸುತ್ತಾನೆ.

ಇದಕ್ಕೆ ಮದ್ದು ‘ಡೌನ್‌ಮಿಕ್ಸ್’, ಅಂದರೆ ಆರನ್ನು ಎರಡಕ್ಕೆ ಇಳಿಸುವುದು. ಮೆನುವಿನಲ್ಲಿ ಅದರ ಎದುರು ‘ಆಫ್’ ಅಥವಾ ‘5.1’ ಇದ್ದರೆ ‘ಸ್ಟೀರಿಯೋ’ಗೆ ಬದಲಿಸಿ. ನೀವು ಕೇಳಿದ ಎಲ್‌ಟಿ/ಆರ್‌ಟಿ ಕೂಡ ಎರಡಕ್ಕೆ ಇಳಿಸುವುದೇ, ಆದರೆ ಹಿಂದಿನ ಸ್ಪೀಕರ್‌ಗಳ ಧ್ವನಿಯನ್ನು ಆಮೇಲೆ ಹೊರತೆಗೆಯಬಹುದಾದ ರೀತಿಯಲ್ಲಿ ಅಡಗಿಸಿ ಇಳಿಸುತ್ತದೆ. ಹಾಗೆ ಹೊರತೆಗೆಯುವ ಡಾಲ್ಬಿ ಪ್ರೊಲಾಜಿಕ್ ವ್ಯವಸ್ಥೆ ಇರುವ ಹಳೇ ಆಂಪ್ಲಿಫೈಯರ್‌ಗೆ ಅದು ಬೇಕು, ಬರೀ ಟಿವಿಗೆ ಸ್ಟೀರಿಯೋ ಸಾಕು. ಅಲ್ಲೇ ‘ಡೈನಮಿಕ್ ರೇಂಜ್’ ಅಥವಾ ‘ಡಿಆರ್‌ಸಿ’ ಎಂಬುದಿದ್ದರೆ ಅದನ್ನು ಏರಿಸಿ ನೋಡಿ. ಜೋರಾದ ಸದ್ದನ್ನು ತಗ್ಗಿಸಿ, ಪಿಸುಮಾತನ್ನು ಎತ್ತಿ, ಎರಡರ ನಡುವಿನ ಅಂತರ ಕಡಿಮೆ ಮಾಡುವ ವ್ಯವಸ್ಥೆ ಅದು. ಥಿಯೇಟರಿಗಾಗಿ ಹದಮಾಡಿದ ಧ್ವನಿಯನ್ನು ರಾತ್ರಿ ಹನ್ನೊಂದು ಗಂಟೆಗೆ, ಪಕ್ಕದ ಕೋಣೆಯಲ್ಲಿ ಮಗು ಮಲಗಿರುವಾಗ ನೋಡುವವರಿಗೆ ಇದಕ್ಕಿಂತ ಉಪಕಾರಿಯಾದದ್ದು ಇಡೀ ಮೆನುವಿನಲ್ಲಿ ಇನ್ನೊಂದಿಲ್ಲ. ಮಾರುವವರು ಇದರ ಬಗ್ಗೆ ಚಕಾರ ಎತ್ತುವುದಿಲ್ಲ ಎಂಬುದೇ ನನಗೆ ಸೋಜಿಗ.

‘ಎಸ್‌ಪಿಡಿಐಎಫ್’ ಎಂಬುದು ಡಿಜಿಟಲ್ ಧ್ವನಿಯ ಹೊರದಾರಿ. ಕಿತ್ತಳೆ ಬಣ್ಣದ ಕೊಎಕ್ಸಿಯಲ್ ತೂತಿನಲ್ಲೋ, ಕೆಂಪು ಬೆಳಕು ಕಾಣುವ ಆಪ್ಟಿಕಲ್ ತೂತಿನಲ್ಲೋ ಬರುತ್ತದೆ. ‘ರಾ’ ಅಥವಾ ‘ಬಿಟ್‌ಸ್ಟ್ರೀಮ್’ ಎಂದರೆ ಡಿಸ್ಕಿನಲ್ಲಿರುವ ಡಾಲ್ಬಿ ಅಥವಾ ಡಿಟಿಎಸ್ (ಧ್ವನಿ ಕುಗ್ಗಿಸುವ ಮತ್ತೊಂದು ವಿಧಾನ) ಗಂಟನ್ನು ಬಿಚ್ಚದೆ ಹಾಗೇ ಕಳಿಸು ಎಂದರ್ಥ. ಬಿಚ್ಚುವ ಕೆಲಸ ಹೋಮ್ ಥಿಯೇಟರಿನದು. ‘ಪಿಸಿಎಂ’ ಎಂದರೆ ಪ್ಲೇಯರೇ ಬಿಚ್ಚಿ, ಎರಡು ಚಾನೆಲ್‌ನ ಅಂಕಿಗಳಾಗಿ ಕಳಿಸುತ್ತದೆ. ಮುಂದೆ ಯಾವಾಗಲಾದರೂ ಸೌಂಡ್‌ಬಾರ್ ತಂದು ಜೋಡಿಸಿದಾಗ ಕೆಲವು ಡಿಸ್ಕಿಗೆ ಧ್ವನಿಯಿದ್ದು ಕೆಲವಕ್ಕೆ ಪೂರಾ ಮೌನವಾದರೆ, ಆ ಮೌನದ ಡಿಸ್ಕಿನಲ್ಲಿ ಡಿಟಿಎಸ್ ಇದೆ, ಸೌಂಡ್‌ಬಾರಿಗೆ ಡಿಟಿಎಸ್ ಬರುವುದಿಲ್ಲ ಎಂದು ತಿಳಿಯಿರಿ. ಪ್ಲೇಯರಿಗೆ ಡಿಟಿಎಸ್ ಬಿಚ್ಚಲು ಬರುವುದಾದರೆ ಪಿಸಿಎಂಗೆ ಬದಲಿಸಿದಾಗ ಸರಿಹೋಗುತ್ತದೆ. ಡಿಸ್ಕಿನ ಮೆನುವಿನಲ್ಲಿ ಡಾಲ್ಬಿ ಡಿಜಿಟಲ್ ಆರಿಸಿದರೂ ಆದೀತು.

ಪೆನ್‌ಡ್ರೈವ್‌ನ ಗೋಜಲು ನಿಜಕ್ಕೂ ಜನರನ್ನು ಹೆಚ್ಚು ಕಾಡುವಂಥದು. ಅಡುಗೆಮನೆಯ ಡಬ್ಬಿಯ ಮೇಲೆ ಸಕ್ಕರೆ ಎಂದು ಬರೆದಿದ್ದರೂ ಒಳಗೆ ರವೆ ಇರಬಹುದಲ್ಲ, ಫೈಲಿನ ಹೆಸರಿನ ಕೊನೆಯಲ್ಲಿರುವ ಎವಿಐ, ಎಂಪಿ4, ಎಂಕೆವಿ ಎಂಬವು ಅಂಥ ಡಬ್ಬಿಯ ಚೀಟಿಗಳು. ಇವಕ್ಕೆ ಕಂಟೇನರ್ ಎನ್ನುತ್ತಾರೆ. ಒಳಗೆ ಚಿತ್ರವನ್ನು ಯಾವ ವಿಧಾನದಲ್ಲಿ ಕುಗ್ಗಿಸಿದ್ದಾರೆ ಎಂಬುದು ಬೇರೆ ಮಾತು, ಆ ವಿಧಾನವೇ ಕೋಡೆಕ್. ಡಿವಿಡಿಯ ಕೋಡೆಕ್ ಎಂಪೆಗ್-2, ವಿಸಿಡಿಯದು ಎಂಪೆಗ್-1. ನಿಮ್ಮ ಪ್ಲೇಯರ್ ಇವೆರಡರ ಜತೆಗೆ ಡಿವ್‌ಎಕ್ಸ್, ಎಕ್ಸ್‌ವಿಡ್ ಎಂಬವನ್ನು ಬಿಚ್ಚಬಲ್ಲದು. ಇವು ಎಂಪೆಗ್-4ರ ಹಳೇ ರೂಪ. ನಿಮ್ಮ ಮೊಬೈಲು ಬಳಸುವುದು ಎಚ್.264 ಅಥವಾ ಎಚ್‌ಇವಿಸಿ. ಇವುಗಳ ಗಂಟು ಬಿಚ್ಚಲು ಬೇಕಾದ ಚಿಪ್ ಆ ಪ್ಲೇಯರ್‌ನೊಳಗೆ ಇಲ್ಲ, ಯಾವ ಸೆಟ್ಟಿಂಗ್ ಬದಲಿಸಿದರೂ ಬರುವುದಿಲ್ಲ. ಫೈಲಿನ ಹೆಸರನ್ನು ಎಂಪಿ4ರಿಂದ ಎವಿಐಗೆ ತಿದ್ದಿದರೆ ಡಬ್ಬಿಯ ಚೀಟಿ ಬದಲಿಸಿದಂತಾಯಿತೇ ಹೊರತು ಒಳಗಿನದು ಬದಲಾಗಲಿಲ್ಲ. ಅಂಥ ಫೈಲುಗಳ ಪೆನ್‌ಡ್ರೈವನ್ನು ಪ್ಲೇಯರಿಗೆ ಬೇಡ, ನೇರವಾಗಿ ಟಿವಿಗೇ ಸಿಕ್ಕಿಸಿ.

ಪೆನ್‌ಡ್ರೈವೇ ಕಾಣಿಸದಿದ್ದರೆ ಅದನ್ನು ಎಫ್‌ಎಟಿ32 ಎಂಬ ಕ್ರಮದಲ್ಲಿ ಫಾರ್ಮ್ಯಾಟ್ ಮಾಡಬೇಕು. ಹಳೇ ಪ್ಲೇಯರ್‌ಗಳು ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್ ಓದುವುದು ಅಪರೂಪ. ಎಫ್‌ಎಟಿ32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಫೈಲಿನ ಹೆಸರು ಕನ್ನಡದಲ್ಲಿದ್ದರೆ ಪರದೆಯ ಮೇಲೆ ಚೌಕಗಳು ಕಾಣುತ್ತವೆ, ಎಸ್‌ಆರ್‌ಟಿ ಎಂಬ ಅಕ್ಷರಗಳ ಕಡತದಲ್ಲಿ ಕನ್ನಡ ಸಬ್‌ಟೈಟಲ್ ಹಾಕಿದರೂ ಅದೇ ಗತಿ. ಪ್ಲೇಯರ್‌ನೊಳಗೆ ಕನ್ನಡದ ಫಾಂಟ್ ಇಲ್ಲ. ಸ್ವಾರಸ್ಯವೆಂದರೆ, ಅದೇ ಪ್ಲೇಯರ್ ಡಿವಿಡಿಯಲ್ಲಿ ಕನ್ನಡ ಸಬ್‌ಟೈಟಲ್ ಇದ್ದರೆ ತಪ್ಪಿಲ್ಲದೆ ತೋರಿಸುತ್ತದೆ. ಡಿವಿಡಿಯ ಸಬ್‌ಟೈಟಲ್ ಅಕ್ಷರಗಳ ಕಡತವಲ್ಲ, ಪ್ರತಿ ಸಾಲೂ ನಾಲ್ಕು ಬಣ್ಣದ ಒಂದು ಚಿತ್ರ. ಚಿತ್ರಕ್ಕೆ ಫಾಂಟ್ ಬೇಕಿಲ್ಲ. ಒಂದು ಡಿವಿಡಿಯಲ್ಲಿ ಅಂಥ 32 ಸಬ್‌ಟೈಟಲ್ ಸಾಲುಗಳಿಗೂ 8 ಭಾಷೆಯ ಧ್ವನಿಗೂ ಜಾಗವಿತ್ತು. ನಮ್ಮಲ್ಲಿ ಕನ್ನಡ ಸಿನಿಮಾದ ಡಿವಿಡಿಗೆ ಇಂಗ್ಲಿಷ್ ಸಾಲು ಹಾಕಿದರೇ ಹೆಚ್ಚು ಎಂಬಂತಾಗಿತ್ತು, ಇರಲಿ.

ಹಾಡಿನ ಸಿಡಿಗಳ ಬಗ್ಗೆ ಒಂದು ಮಾತು, ಏಕೆಂದರೆ ಇಲ್ಲಿ ಬಹಳ ಮಂದಿ ಮೋಸಹೋಗುತ್ತಾರೆ. ಆಡಿಯೋ ಸಿಡಿಯನ್ನು ಕಂಪ್ಯೂಟರ್‌ಗೆ ಹಾಕಿದರೆ ವಿಂಡೋಸ್ ‘ಟ್ರ್ಯಾಕ್01.ಸಿಡಿಎ’ ಎಂದು ಒಂದೊಂದು ಹಾಡಿಗೂ ಒಂದು ಫೈಲ್ ತೋರಿಸುತ್ತದೆ. ಅವನ್ನು ಎಳೆದು ಪೆನ್‌ಡ್ರೈವಿಗೆ ಬಿಟ್ಟರೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಕಾಪಿ ಆಗುತ್ತದೆ. ಆಗಲೇ ಅನುಮಾನ ಬರಬೇಕು. ಒಂದೊಂದು ಸಿಡಿಎ ಫೈಲಿನ ಗಾತ್ರ 44 ಬೈಟ್, ಹಾಡು ಡಿಸ್ಕಿನಲ್ಲಿ ಎಲ್ಲಿ ಶುರುವಾಗುತ್ತದೆ ಎಂಬ ಗುರುತು ಮಾತ್ರ ಅದರಲ್ಲಿದೆ. ಹಾಡು ಬೇಕಾದರೆ ‘ರಿಪ್’ ಮಾಡಬೇಕು, ಅಂದರೆ ಡಿಸ್ಕಿನ ಧ್ವನಿಯನ್ನು ಓದಿ ಫೈಲಾಗಿ ಇಳಿಸಬೇಕು. ಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ನಲ್ಲಿ ಬರೆದಿಟ್ಟಿರುತ್ತಾರೆ. ಎರಡು ಚಾನೆಲ್ ಸೇರಿ ಸೆಕೆಂಡಿಗೆ 1,411 ಕಿಲೋಬಿಟ್. (ಈ 44,100 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂದರೆ, ಸಿಡಿಗೆ ಮುಂಚೆ ಡಿಜಿಟಲ್ ಧ್ವನಿಯನ್ನು ವಿಡಿಯೋ ಟೇಪಿನ ಮೇಲೆ ದಾಖಲಿಸುತ್ತಿದ್ದರು. ಗೆರೆಗೆ 3 ಅಳತೆ, 294 ಗೆರೆ, ಸೆಕೆಂಡಿಗೆ 50 ಅರೆಚಿತ್ರ; ಗುಣಿಸಿ ನೋಡಿ. ಅಮೆರಿಕದ ಪದ್ಧತಿಯಲ್ಲಿ 3, 245, 60. ಅದೂ ಅಷ್ಟೇ ಬರುತ್ತದೆ.) ಸಿಡಿಯ ಈ ಧ್ವನಿಯನ್ನು 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಮಾಡಿದರೆ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 700 ಎಂಬಿಯ ಒಂದೇ ಡಿಸ್ಕಿನಲ್ಲಿ ಹನ್ನೆರಡು ಗಂಟೆ ಹಾಡು ತುಂಬುತ್ತಿದ್ದ ಬಸ್‌ಸ್ಟ್ಯಾಂಡ್ ಎಂಪಿ3 ಸಿಡಿಗಳ ಗುಟ್ಟು ಇದೇ. ನಿಮ್ಮ ಸಿಡಿಗಳು ಅಸಲಿ ಆಡಿಯೋ ಸಿಡಿಗಳಾದರೆ ಎಫ್‌ಎಲ್‌ಎಸಿ ರೂಪದಲ್ಲಿ ರಿಪ್ ಮಾಡಿ, ಅದು ಗಾತ್ರ ಕುಗ್ಗಿಸಿದರೂ ಒಂದು ಬಿಟ್ಟನ್ನೂ ಎಸೆಯುವುದಿಲ್ಲ. ಎಂಪಿ3 ಸಿಡಿಗಳಾದರೆ ಫೈಲನ್ನು ಹಾಗೇ ಕಾಪಿ ಮಾಡಿ. 128ರ ಎಂಪಿ3ಯನ್ನು 320ಕ್ಕೋ ಎಫ್‌ಎಲ್‌ಎಸಿಗೋ ಏರಿಸಿದರೆ ಗಾತ್ರ ದೊಡ್ಡದಾದೀತು, ಹೋದ ಧ್ವನಿ ಬಾರದು.

ಇನ್ನು ಡಿಸ್ಕ್. ಸಿಡಿ, ಡಿವಿಡಿ, ಬ್ಲೂ-ರೇ ಮೂರರ ಅಗಲವೂ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್. ವ್ಯತ್ಯಾಸ ಇರುವುದು ಓದುವ ಲೇಸರ್‌ನಲ್ಲಿ. ಸಿಡಿಗೆ 780 ನ್ಯಾನೋಮೀಟರಿನ, ಕಣ್ಣಿಗೆ ಕಾಣದ ಲೇಸರ್. ಡಿವಿಡಿಗೆ 650ರ ಕೆಂಪು. ಬ್ಲೂ-ರೇಗೆ 405ರ ನೀಲಿನೇರಳೆ. ಅಲೆ ಸಣ್ಣದಾದಷ್ಟೂ ಸಣ್ಣ ಗುಳಿ ಓದಬಹುದು, ಅದಕ್ಕೇ ಒಂದು ಪದರಕ್ಕೆ 700 ಎಂಬಿ, 4.7 ಜಿಬಿ, 25 ಜಿಬಿ ಎಂದು ಏರುತ್ತ ಹೋಯಿತು. ಡಿವಿಡಿ ಪ್ಲೇಯರ್‌ನೊಳಗೆ ಸಿಡಿಗೂ ಡಿವಿಡಿಗೂ ಬೇರೆ ಬೇರೆ ಲೇಸರ್ ಇರುವುದರಿಂದ ಮುಂದೊಂದು ದಿನ ವಿಸಿಡಿ ಓಡುತ್ತ ಡಿವಿಡಿಗೆ ಮಾತ್ರ ‘ನೋ ಡಿಸ್ಕ್’ ಬಂದರೆ ಡಿವಿಡಿಗಳನ್ನು ದೂರಬೇಡಿ. ಲೆನ್ಸ್ ಮೇಲಿನ ದೂಳಾದರೆ ಒರೆಸಿದರೆ ಹೋಗುತ್ತದೆ, ಕೆಂಪು ಲೇಸರ್ ಸೋತಿದ್ದರೆ ಹೋಗುವುದಿಲ್ಲ.

ಗೀರಿನ ವಿಷಯದಲ್ಲಿ ಜನ ಹೆದರಬೇಕಾದ ಕಡೆ ಹೆದರುವುದಿಲ್ಲ. ಎಲ್ಲರೂ ಹೊಳೆಯುವ ಕೆಳಮೈಯನ್ನು ಕಾಪಾಡುತ್ತಾರೆ. ಸಿಡಿ ಮತ್ತು ವಿಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಮೇಲೆ, ಚಿತ್ರ ಮುದ್ರಿಸಿದ ಮೈಯ ತೆಳು ಲೇಪದ ಕೆಳಗೇ. ಕೆಳಗಿನ ಗೀರು ಒಂದು ಮಿಲಿಮೀಟರಿಗೂ ಹೆಚ್ಚು ದಪ್ಪದ ಪ್ಲಾಸ್ಟಿಕ್ಕಿನ ಮೇಲೆ ಬೀಳುತ್ತದೆ, ಎಷ್ಟೋ ಸಲ ಉಜ್ಜಿ ತೆಗೆಯಬಹುದು. ಮೇಲುಮೈಯ ಗೀರು ಮಾಹಿತಿಯನ್ನೇ ಕಿತ್ತು ತರುತ್ತದೆ. ಬೆಳಕಿಗೆ ಹಿಡಿದಾಗ ಸೂಜಿಮೊನೆಯಂಥ ತೂತು ಕಂಡರೆ ಅಲ್ಲಿದ್ದದ್ದು ಹೋಯಿತು ಎಂದೇ ಲೆಕ್ಕ. ಡಿವಿಡಿಯಲ್ಲಿ ಆ ಪದರ ಎರಡು ಅರ್ಧ ಹೋಳುಗಳ ನಡುವೆ ಕೂತಿರುವುದರಿಂದ ಸ್ವಲ್ಪ ಕ್ಷೇಮ. ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ದುಂಡಗೆ ತಿರುಗಿಸಿ ಒರೆಸಬೇಡಿ. ಸಾಲಿನ ಉದ್ದಕ್ಕೂ ಬಿದ್ದ ಗೀರನ್ನು ತಿದ್ದುವುದು ಪ್ಲೇಯರಿಗೆ ಕಷ್ಟ, ಅಡ್ಡ ಬಿದ್ದದ್ದನ್ನು ತಿದ್ದಿಕೊಳ್ಳುತ್ತದೆ.

ವಿಸಿಡಿ ಉಳಿದವಕ್ಕಿಂತ ಬೇಗ ಚೌಕಚೌಕವಾಗಿ ಒಡೆದು ನಿಲ್ಲುವುದಕ್ಕೂ ಕಾರಣವಿದೆ. ಸಾಮಾನ್ಯ ಡೇಟಾ ಸಿಡಿಯ ಒಂದೊಂದು ತುಣುಕಿನಲ್ಲಿ 2,048 ಬೈಟ್ ಮಾಹಿತಿ ಇಟ್ಟು, ತಪ್ಪು ತಿದ್ದುವ ಹೆಚ್ಚುವರಿ ಲೆಕ್ಕಕ್ಕೆ ಜಾಗ ಬಿಡುತ್ತಾರೆ. ವಿಸಿಡಿಯಲ್ಲಿ ಒಂದು ಡಿಸ್ಕಿಗೆ 74 ನಿಮಿಷ ಸಿನಿಮಾ ಹಿಡಿಸಬೇಕಿತ್ತು, ಆ ಜಾಗಕ್ಕೂ ಚಿತ್ರವನ್ನೇ ತುಂಬಿ 2,324 ಬೈಟ್ ಮಾಡಿಕೊಂಡರು. ಹಾಗಾಗಿ ಗೀರು ಬಿದ್ದಾಗ ಕೈಹಿಡಿಯುವ ಎರಡನೆಯ ರಕ್ಷಣೆ ಅಲ್ಲಿಲ್ಲ. ಕಂಪ್ಯೂಟರ್‌ನಲ್ಲಿ ವಿಸಿಡಿ ತೆರೆದರೆ ‘ಎಂಪೆಗ್‌ಎವಿ’ ಎಂಬ ಫೋಲ್ಡರ್‌ನಲ್ಲಿ ಡಿಎಟಿ ಫೈಲುಗಳು ಕಾಣುತ್ತವೆ, ಅವೇ ಚಿತ್ರ. ವಿಎಲ್‌ಸಿ ಎಂಬ ತಂತ್ರಾಂಶದಲ್ಲಿ ಓಡುತ್ತವೆ. ಇಡೀ ರಾತ್ರಿಯ ಪ್ರಸಂಗ ಹಲವು ಡಿಸ್ಕಿಗೆ ಹರಡಿರುವುದರಿಂದ ಒಂದೊಂದರ ಫೈಲಿಗೂ ಪ್ರಸಂಗದ ಹೆಸರು, ಭಾಗದ ಸಂಖ್ಯೆ ಕೊಟ್ಟು ಕಾಪಿ ಮಾಡಿ. ಇಲ್ಲದಿದ್ದರೆ ಎಲ್ಲವೂ ‘ಎವಿಸೀಕ್01’ ಎಂಬ ಒಂದೇ ಹೆಸರಿನಲ್ಲಿ ಬಂದು ಒಂದರ ಮೇಲೊಂದು ಬರೆದುಕೊಳ್ಳುತ್ತವೆ.

ಆದರೆ ಮೊದಲು ಕಾಪಿ ಮಾಡಬೇಕಾದದ್ದು ವಿಸಿಡಿಯಲ್ಲ, ಮದುವೆಯ ಡಿವಿಡಿ. ಅಂಗಡಿಯಲ್ಲಿ ಕೊಂಡ ಡಿಸ್ಕುಗಳು ಕಾರ್ಖಾನೆಯಲ್ಲಿ ಅಚ್ಚೊತ್ತಿದವು. ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರಿದ ಕಾಲದ ಡಿಸ್ಕುಗಳು ಕೂಡ ಅಚ್ಚೊತ್ತಿದವೇ, ಗುಳಿಗಳು ಪ್ಲಾಸ್ಟಿಕ್ಕಿನಲ್ಲೇ ಮೂಡಿರುತ್ತವೆ. ಮದುವೆಯದು ಸ್ಟುಡಿಯೋದವರು ಡಿವಿಡಿ-ಆರ್ ಮೇಲೆ ರೈಟ್ ಮಾಡಿಕೊಟ್ಟದ್ದು. ತಿರುಗಿಸಿ ನೋಡಿದರೆ ಬೆಳ್ಳಿ ಬಣ್ಣದ ಬದಲು ನೇರಳೆ ಛಾಯೆ ಕಾಣುತ್ತದೆ. ಅಲ್ಲಿ ಗುಳಿಗಳಿಲ್ಲ, ಲೇಸರ್ ಸುಟ್ಟು ಗುರುತು ಮಾಡಿದ ಬಣ್ಣದ ಪದರವಿದೆ. ಬಿಸಿಲು, ಸೆಕೆ, ತೇವ ಮೂರೂ ಆ ಬಣ್ಣವನ್ನು ಕೆಡಿಸುತ್ತವೆ. ಮೇಲೆ ವಧುವರರ ಫೋಟೋದ ಸ್ಟಿಕ್ಕರ್ ಅಂಟಿಸಿದ್ದರೆ ಕೀಳಬೇಡಿ. ಅಂಚು ಎದ್ದ ಸ್ಟಿಕ್ಕರ್ ಡಿಸ್ಕನ್ನು ವಾಲಿಸಿ ತಿರುಗಿಸುತ್ತದೆ, ನಿಜ. ಆದರೆ ಕಿತ್ತರೆ ಮೇಲ್ಪದರವನ್ನೂ ಒಯ್ಯಬಹುದು.

ಡಿವಿಡಿಯನ್ನು ಕಂಪ್ಯೂಟರ್‌ನಲ್ಲಿ ತೆರೆದರೆ ‘ವಿಡಿಯೋ_ಟಿಎಸ್’ ಎಂಬ ಫೋಲ್ಡರ್ ಸಿಗುತ್ತದೆ. ಅದರಲ್ಲಿ 1 ಜಿಬಿಗೆ ಒಂದರಂತೆ ತುಂಡಾದ ವಿಒಬಿ ಫೈಲುಗಳಲ್ಲಿ ಚಿತ್ರ, ಧ್ವನಿ ಇರುತ್ತವೆ. ಐಎಫ್‌ಒ ಫೈಲುಗಳಲ್ಲಿ ಯಾವುದರ ನಂತರ ಯಾವುದು ಎಂಬ ಸೂಚನೆ. ಇಡೀ ಫೋಲ್ಡರನ್ನು ಹಾಗೇ ಕಾಪಿ ಮಾಡಿ, ಅಥವಾ ಡಿಸ್ಕನ್ನು ಒಂದೇ ಐಎಸ್‌ಒ ಫೈಲಾಗಿ (ಇಡೀ ಡಿಸ್ಕಿನ ಯಥಾಪ್ರತಿ) ಇಳಿಸಿ. ಮನೆಯ ಡಿಸ್ಕಿಗೆ ಸಿಎಸ್‌ಎಸ್ ಎಂಬ ಬೀಗ ಇರುವುದಿಲ್ಲ, ಅದು ಸಿನಿಮಾ ಕಂಪನಿಗಳ ಡಿಸ್ಕಿನಲ್ಲಿ. ‘ಒಂದೇ ಎಂಪಿ4 ಮಾಡಿಕೊಡ್ತೀವಿ, ಎಚ್‌ಡಿ ಮಾಡಿಕೊಡ್ತೀವಿ’ ಎನ್ನುವ ಅಂಗಡಿಗೆ ಕೊಟ್ಟು ಮೂಲವನ್ನು ಎಸೆಯುವುದನ್ನು ಮಾತ್ರ ಮಾಡಬೇಡಿ. ಎರಡು ಗಂಟೆಯ ಮದುವೆ 4.7 ಜಿಬಿಯಲ್ಲಿ ಕೂತಿದ್ದರೆ ಸೆಕೆಂಡಿಗೆ ಸುಮಾರು 5.2 ಮೆಗಾಬಿಟ್ ಸಿಕ್ಕಿದೆ. ಸ್ಟುಡಿಯೋದವರು ನಾಲ್ಕು ಗಂಟೆ ತುರುಕಿದ್ದರೆ ಅದರರ್ಧ, ಆರತಿಯ ದೀಪದ ಸುತ್ತ ಚೌಕಗಳು ಆಗಲೇ ಎದ್ದಿರುತ್ತವೆ. ಈಗಾಗಲೇ ಒಮ್ಮೆ ಕುಗ್ಗಿದ್ದನ್ನು ಮತ್ತೆ ಕುಗ್ಗಿಸಿದರೆ ಇನ್ನಷ್ಟು ಹೋಗುತ್ತದೆ. ಕೃತಕ ಬುದ್ಧಿಮತ್ತೆಯಿಂದ ಎಚ್‌ಡಿ ಮಾಡಿದರೆ ಅಜ್ಜಿಯ ಮುಖವೇ ನುಣ್ಣಗೆ ಬೇರೆಯವರದಾದೀತು. 500 ಜಿಬಿಯ ಹಾರ್ಡ್‌ಡಿಸ್ಕಿನಲ್ಲಿ ಇಂಥ ನೂರು ಡಿವಿಡಿ ಹಿಡಿಯುತ್ತವೆ, ಜಾಗದ ಜಿಪುಣತನ ಈಗ ಬೇಕಿಲ್ಲ. ತುಂಡುಗಳು ಬೇಡ, ಒಂದೇ ಫೈಲ್ ಬೇಕು ಎಂದರೆ ಮೇಕ್‌ಎಂಕೆವಿ ಎಂಬ ತಂತ್ರಾಂಶ ಒಳಗಿನ ಎಂಪೆಗ್-2ನ್ನು ಮುಟ್ಟದೆ ಎಂಕೆವಿ ಡಬ್ಬಿಗೆ ಸುರಿಯುತ್ತದೆ. ವಾಟ್ಸ್ಆ್ಯಪಿನಲ್ಲಿ ಹಂಚಲು ಬೇಕಾದರೆ ಅದರಿಂದ ಇನ್ನೊಂದು ಸಣ್ಣ ಎಚ್.264 ಪ್ರತಿ ಮಾಡಿ, ಮಾಡುವಾಗ ‘ಡಿಇಂಟರ್‌ಲೇಸ್’ ಆನ್ ಇರಲಿ.

ಕಾಪಿ ನಡುವೆ ನಿಂತು ‘ಸೈಕ್ಲಿಕ್ ರಿಡಂಡೆನ್ಸಿ ಚೆಕ್’ ಎಂಬ ತಪ್ಪು ತೋರಿಸಿದರೆ ಆ ಜಾಗ ಓದಲಾಗುತ್ತಿಲ್ಲ ಎಂದರ್ಥ. ಬೇರೆ ಡ್ರೈವ್‌ನಲ್ಲಿ ಹಾಕಿ ನೋಡಿ. ಒಂದು ಓದದ್ದನ್ನು ಇನ್ನೊಂದು ಓದುವುದು ಸಾಮಾನ್ಯ. ಲಿನಕ್ಸ್ ಬಲ್ಲವರು ಹತ್ತಿರದಲ್ಲಿದ್ದರೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಹಾಕಿಸಿ, ಅದು ಕೆಟ್ಟ ಜಾಗವನ್ನು ಬಿಟ್ಟು ಮೊದಲು ಒಳ್ಳೆಯದನ್ನೆಲ್ಲ ತೆಗೆದುಕೊಂಡು, ಆಮೇಲೆ ಉಳಿದದ್ದಕ್ಕೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ.

ಅಮೆರಿಕದಲ್ಲಿರುವ ನೆಂಟರಿಗೆ ಡಿಸ್ಕ್ ಕಳಿಸುವ ಆಲೋಚನೆ ಇದ್ದರೆ, ಭಾರತದ ಡಿವಿಡಿ ಪ್ರದೇಶ ಸಂಖ್ಯೆ 5, ಅಲ್ಲಿಯದು 1; ಒಂದು ಪ್ರದೇಶಕ್ಕೆ ಗುರುತು ಹಾಕಿದ ಡಿಸ್ಕನ್ನು ಬೇರೆ ಪ್ರದೇಶದ ಪ್ಲೇಯರ್ ಓಡಿಸುವುದಿಲ್ಲ. ಮನೆಯಲ್ಲಿ ರೈಟ್ ಮಾಡಿದ ಡಿಸ್ಕಿಗೆ ಈ ನಿರ್ಬಂಧ ಸಾಮಾನ್ಯವಾಗಿ ಇರುವುದಿಲ್ಲ, ಆದರೂ ಪಾಲ್ ಆಗಿರುವುದರಿಂದ ಅಲ್ಲಿನ ಅನೇಕ ಪ್ಲೇಯರ್‌ಗಳು ಒಲ್ಲೆ ಎನ್ನುತ್ತವೆ. ಫೈಲನ್ನೇ ಕಳಿಸಿ.

ಹೊಸ ಪ್ಲೇಯರ್ ಕೊಳ್ಳಬೇಕೇ? ನಿಮಗೆ ಬೇಕಿಲ್ಲ. ಬ್ಲೂ-ರೇ ಪ್ಲೇಯರ್ ತಯಾರಿಕೆಯಿಂದ ಒಪ್ಪೊ 2018ರಲ್ಲಿ, ಸ್ಯಾಮ್‌ಸಂಗ್ 2019ರಲ್ಲಿ ಹಿಂದೆ ಸರಿದವು. 2025ರ ಫೆಬ್ರವರಿಯಲ್ಲಿ ಸೋನಿ ರೈಟ್ ಮಾಡುವ ಬ್ಲೂ-ರೇ ಡಿಸ್ಕಿನ ತಯಾರಿಕೆಯನ್ನೇ ನಿಲ್ಲಿಸಿತು. ಆ ದುಡ್ಡಿಗೆ ಲ್ಯಾಪ್‌ಟಾಪಿಗೆ ಹೊರಗಿನಿಂದ ಜೋಡಿಸುವ ಯುಎಸ್‌ಬಿ ಡಿವಿಡಿ ರೈಟರ್ ಒಂದನ್ನು ಈಗಲೇ ತಂದುಬಿಡಿ. ಡಿಸ್ಕ್ ಹಾಕಿದಾಗ ಅದು ತಿರುಗಲು ಶುರುಮಾಡಿ ಟಕ್ ಎಂದು ನಿಂತುಹೋದರೆ ಕೆಟ್ಟಿದೆ ಎಂದು ವಾಪಸು ಕಳಿಸಬೇಡಿ, ಲ್ಯಾಪ್‌ಟಾಪಿನ ಒಂದು ಯುಎಸ್‌ಬಿ ತೂತಿನಿಂದ ಸಾಕಷ್ಟು ಕರೆಂಟು ಸಿಗುತ್ತಿಲ್ಲ ಅಷ್ಟೇ. ಎರಡು ಬಾಲದ ಯುಎಸ್‌ಬಿ ಕೇಬಲ್ ಹಾಕಿ ಎರಡನ್ನೂ ಸಿಕ್ಕಿಸಿ.